ಸಬ್ಸಿಡಿ ಪಟ್ಟಿ ಗುಟ್ಟಿನ ಕಾಗದ ಅಲ್ಲ

"ಕಿಸಾನ್ ಸಮ್ಮಾನ್ ದುಡ್ಡು ಬಂತಾ?" ವರ್ಷಕ್ಕೆ ಮೂರು ಸಲ ನಮ್ಮ ಊರಿನ ಹೋಟೆಲಿನಲ್ಲಿ, ಸೊಸೈಟಿಯ ಜಗಲಿಯಲ್ಲಿ, ಮದುವೆ ಮನೆಯ ಚಪ್ಪರದಡಿಯಲ್ಲಿ ಈ ಪ್ರಶ್ನೆ ಕೇಳಿಬರುತ್ತದೆ. ಒಬ್ಬರಿಗೆ ಬಂದಿರುತ್ತದೆ, ಪಕ್ಕದ ಮನೆಯವರಿಗೆ ಬಂದಿರುವುದಿಲ್ಲ. ಇಬ್ಬರದ್ದೂ ಅರ್ಧ ಎಕ್ರೆ ಅಡಿಕೆ ತೋಟ, ನಡುವೆ ಒಂದು ಬೇಲಿ ಅಷ್ಟೇ. ಬಂದವರಿಗೆ ಯಾಕೆ ಬಂತೆಂದು ಗೊತ್ತಿಲ್ಲ, ಬಾರದವರಿಗೆ ಯಾಕೆ ಬರಲಿಲ್ಲವೆಂದು ಗೊತ್ತಿಲ್ಲ. ಕೊನೆಗೆ "ಅದೆಲ್ಲ ಅದೃಷ್ಟ" ಎಂದು ಹೇಳಿ, ಚಾ ಮುಗಿಸಿ ಎದ್ದು ಹೋಗುತ್ತಾರೆ.

ಅದು ಅದೃಷ್ಟದ ವಿಷಯ ಅಲ್ಲ. ಅದಕ್ಕೊಂದು ಪಟ್ಟಿ ಉಂಟು. ಆ ಪಟ್ಟಿಯಲ್ಲಿ ಹೆಸರು ಸೇರಲಿಕ್ಕೂ ಬಿಟ್ಟುಹೋಗಲಿಕ್ಕೂ ಕಾರಣ ಉಂಟು. ಪಟ್ಟಿಯನ್ನು ನೋಡುವ ಹಕ್ಕು ಊರಿನ ಎಲ್ಲರಿಗೂ ಉಂಟು, ತೋಟ ಇದ್ದವರಿಗೂ ಇಲ್ಲದವರಿಗೂ. ಇದನ್ನು ನಮ್ಮವರಲ್ಲಿ ಹೆಚ್ಚಿನವರು ತಿಳಿದಿಲ್ಲ. ತಿಳಿದವರೂ ನೋಡಲು ಹಿಂಜರಿಯುತ್ತಾರೆ. "ಬೇರೆಯವರಿಗೆ ಎಷ್ಟು ಸಿಕ್ಕಿತೆಂದು ನಾವೆಂತಕ್ಕೆ ಇಣುಕಿ ನೋಡುವುದು ಉಸ್ತಾದರೇ?" ಎಂದು ಹಿರಿಯರೊಬ್ಬರು ನನ್ನಲ್ಲಿ ಕೇಳಿದ್ದುಂಟು. ಈ ಲೇಖನ ಆ ಪ್ರಶ್ನೆಗೆ ಉತ್ತರ ಎಂದೇ ಇಟ್ಟುಕೊಳ್ಳಿ. ನಾನು ಮದ್ರಸದಲ್ಲಿ ಮಕ್ಕಳಿಗೆ ಪಾಠ ಹೇಳುವವನು, ಕೃಷಿ ಇಲಾಖೆಯವನಲ್ಲ. ಆದರೆ ಮೊಬೈಲಿಗೆ ಬಂದ ಮೆಸೇಜು, ಪಂಚಾಯತಿನಿಂದ ಬಂದ ನೋಟಿಸು ಹಿಡಿದುಕೊಂಡು "ಇದರಲ್ಲಿ ಎಂತ ಬರೆದದ್ದು?" ಎಂದು ಕೇಳುವವರು ಬರುತ್ತಲೇ ಇರುವುದರಿಂದ ಈ ಕಾಗದಗಳ ಪರಿಚಯ ನನಗೆ ತಕ್ಕಮಟ್ಟಿಗೆ ಆಗಿದೆ.

ದುಡ್ಡು ಬರುವ ದಾರಿಗಳು

ಕೃಷಿಗೆಂದು ಸರಕಾರ ಕೊಡುವ ದುಡ್ಡು ಒಂದೇ ದಾರಿಯಲ್ಲಿ ಬರುವುದಿಲ್ಲ. ಎಲ್ಲರಿಗೂ ಗೊತ್ತಿರುವುದು ಪಿಎಂ ಕಿಸಾನ್. 2019ರ ಫೆಬ್ರವರಿ 24ರಂದು ಶುರುವಾದ ಈ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು, ನೇರ ಬ್ಯಾಂಕ್ ಖಾತೆಗೆ. ಮೊದಲು ಎರಡು ಹೆಕ್ಟೇರ್ ಒಳಗಿನವರಿಗೆ ಮಾತ್ರ ಇತ್ತು, ಅದೇ ವರ್ಷ ಜಮೀನು ಇರುವ ಎಲ್ಲ ರೈತ ಕುಟುಂಬಗಳಿಗೂ ವಿಸ್ತರಿಸಿದರು. 2025ರ ಆಗಸ್ಟ್ 2ರಂದು ಬಿಡುಗಡೆಯಾದ 20ನೇ ಕಂತಿನಲ್ಲಿ ದೇಶದ ಸುಮಾರು 9.7 ಕೋಟಿ ರೈತರಿಗೆ 20,500 ಕೋಟಿ ರೂಪಾಯಿ ಹೋಯಿತು.

ಎರಡನೆಯದ್ದು ಬೆಳೆ ಹಾನಿಯ ಪರಿಹಾರ. ಮಳೆ, ನೆರೆ, ಬರದಿಂದ ಶೇ. 33 ಮತ್ತು ಅದಕ್ಕಿಂತ ಹೆಚ್ಚು ಬೆಳೆ ಹೋದರೆ ವಿಪತ್ತು ಪರಿಹಾರ ನಿಧಿಯಿಂದ ಕೊಡುವುದು. 2022ರಲ್ಲಿ ನಿಗದಿಯಾದ ಕೇಂದ್ರದ ಮಾನದಂಡದ ಪ್ರಕಾರ ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ನಮ್ಮ ರಾಜ್ಯದಲ್ಲಿ ಇದರ ಲೆಕ್ಕ 'ಪರಿಹಾರ' ಎಂಬ ಪೋರ್ಟಲಿನಲ್ಲಿ ಇರುತ್ತದೆ.

ಮೂರನೆಯದ್ದು ಹವಾಮಾನ ಆಧಾರಿತ ಬೆಳೆ ವಿಮೆ. ದಕ್ಷಿಣ ಕನ್ನಡದಲ್ಲಿ ಅಡಿಕೆ, ಕಾಳುಮೆಣಸು ಎರಡಕ್ಕೂ ಇದು ಉಂಟು. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿಯ ವಿಮೆಗೆ ರೈತ ಕಟ್ಟುವುದು 6,400. ಕಾಳುಮೆಣಸಿಗೆ 47,000 ರೂಪಾಯಿಯ ವಿಮೆಗೆ 2,350. ಅಂದರೆ ಶೇ. 5. ಅದಕ್ಕಿಂತ ಮೇಲಿನ ಪ್ರೀಮಿಯಂ ಕಟ್ಟುವುದು ಕೇಂದ್ರ, ರಾಜ್ಯ ಸರಕಾರಗಳು. ಇದೂ ಸಬ್ಸಿಡಿಯೇ. ಆದರೆ ಈ ದುಡ್ಡು ರೈತನ ಕೈಗೆ ಬರುವುದಿಲ್ಲ, ವಿಮಾ ಕಂಪನಿಗೆ ಹೋಗುತ್ತದೆ.

ರಸಗೊಬ್ಬರವೂ ಹಾಗೆಯೇ. 45 ಕೆ.ಜಿ. ಯೂರಿಯಾ ಚೀಲಕ್ಕೆ ನಾವು ಕೊಡುವುದು 266 ರೂಪಾಯಿ 50 ಪೈಸೆ. ಅದರ ನಿಜವಾದ ಖರ್ಚು ಅದಕ್ಕಿಂತ ಎಷ್ಟೋ ಹೆಚ್ಚು, ಉಳಿದದ್ದನ್ನು ಸರಕಾರ ಕಂಪನಿಗೆ ಕೊಡುತ್ತದೆ. ಅಂಗಡಿಯ ಮಿಷನಿನಲ್ಲಿ ನಾವು ಬೆರಳೊತ್ತಿ ಚೀಲ ಕೊಂಡ ಲೆಕ್ಕದ ಮೇಲೆ ಆ ದುಡ್ಡು ಬಿಡುಗಡೆಯಾಗುತ್ತದೆ. ಆದ್ದರಿಂದ ಎರಡು ಚೀಲ ಕೊಂಡು ಹತ್ತು ಚೀಲಕ್ಕೆ ಬೆರಳೊತ್ತಿ ಬರಬಾರದು. ರಶೀದಿ ಕೇಳಿ ತೆಗೆದುಕೊಳ್ಳಬೇಕು.

ಇನ್ನು ಹನಿ ನೀರಾವರಿ ಪೈಪು, ಹುಲ್ಲು ಕತ್ತರಿಸುವ ಯಂತ್ರ, ಔಷಧಿ ಬಿಡುವ ಕಾರ್ಬನ್ ಫೈಬರ್ ದೋಟಿ ಇವೆಲ್ಲ ಕೃಷಿ, ತೋಟಗಾರಿಕೆ ಇಲಾಖೆಗಳ ಸಹಾಯಧನದಲ್ಲಿ ಸಿಗುವಂಥವು. ಇವು ಎಲ್ಲರಿಗೂ ಸಿಗುವಷ್ಟು ಇರುವುದಿಲ್ಲ. ಎಲ್ಲರಿಗೂ ಸಿಗದ ವಸ್ತು ಇರುವ ಕಡೆ ಪಟ್ಟಿ ತೆರೆದಿಡುವುದು ಹೆಚ್ಚು ಅಗತ್ಯ. ಇಲ್ಲದಿದ್ದರೆ ಇಲಾಖೆಯ ಬಾಗಿಲು ಗೊತ್ತಿರುವ ಮನೆಗಳಿಗೇ ಅದು ಮತ್ತೆ ಮತ್ತೆ ಹೋಗುವ ಸಾಧ್ಯತೆ ಇರುತ್ತದೆ.

ಪಟ್ಟಿ ತೆರೆದಾಗ ಕಂಡದ್ದು

ಪಟ್ಟಿ ನೋಡುವುದರಿಂದ ಎಂತ ಪ್ರಯೋಜನ ಎಂದು ಕೇಳುವವರಿಗೆ ಎರಡು ಉದಾಹರಣೆ ಹೇಳುತ್ತೇನೆ.

ಮಾಹಿತಿ ಹಕ್ಕಿನಲ್ಲಿ ವೆಂಕಟೇಶ್ ನಾಯಕ್ ಎಂಬವರು ಪಿಎಂ ಕಿಸಾನ್ ಬಗ್ಗೆ ಕೇಂದ್ರ ಕೃಷಿ ಸಚಿವಾಲಯಕ್ಕೆ ಅರ್ಜಿ ಹಾಕಿದರು. 2021ರ ಜನವರಿಯಲ್ಲಿ ಹೊರಬಂದ ಉತ್ತರ ನೋಡಿ ದೇಶವೇ ಬೆರಗಾಯಿತು. ಅರ್ಹತೆ ಇಲ್ಲದ 20.48 ಲಕ್ಷ ಮಂದಿಗೆ 1,364 ಕೋಟಿ ರೂಪಾಯಿ ಹೋಗಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆದಾಯ ತೆರಿಗೆ ಕಟ್ಟುವವರು. ಇದು ಯಾವುದೋ ಒಂದು ಪಕ್ಷದವರ ಆರೋಪ ಅಲ್ಲ, ಸರಕಾರವೇ ಕೊಟ್ಟ ಲೆಕ್ಕ. ಕೇಳಿದವರು ಇದ್ದದ್ದರಿಂದ ಆ ಲೆಕ್ಕ ಜನರ ಕಣ್ಣಿಗೆ ಬಿತ್ತು.

ಅದರ ಹಿಂದಿನ ವರ್ಷ, 2020ರಲ್ಲಿ, ತಮಿಳುನಾಡಿನಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಕಲ್ಲಕುರಿಚಿ, ವಿಲ್ಲುಪುರಂ, ಕಡಲೂರು ಮೊದಲಾದ ಜಿಲ್ಲೆಗಳಲ್ಲಿ ಇದ್ದಕ್ಕಿದ್ದಂತೆ ಹೊಸ ಹೆಸರುಗಳು ತುಂಬಿಕೊಂಡಿದ್ದವು. ಇಲಾಖೆಯವರ ಪಾಸ್‌ವರ್ಡ್ ಬಳಸಿ ರೈತರೇ ಅಲ್ಲದವರನ್ನು ಸೇರಿಸಿದ್ದರು. ಸುಮಾರು 5.5 ಲಕ್ಷ ಅನರ್ಹರು, 110 ಕೋಟಿಯಷ್ಟು ರೂಪಾಯಿ. ಕೆಲಸಗಾರರನ್ನು ವಜಾ ಮಾಡಿದರು, ದಲ್ಲಾಳಿಗಳನ್ನು ಹಿಡಿದರು, ಖಾತೆಗಳಿಂದ ದುಡ್ಡು ವಾಪಸು ತೆಗೆದರು. ಒಂದು ಹಳ್ಳಿಯಲ್ಲಿ ಯಾರು ಗದ್ದೆ ಮಾಡುತ್ತಾರೆ, ಯಾರು ಮಾಡುವುದಿಲ್ಲ ಎಂದು ಆ ಹಳ್ಳಿಯವರಿಗೆ ಗೊತ್ತಿಲ್ಲದೆ ಇರುತ್ತದಾ? ದಿಲ್ಲಿಯ ಕಂಪ್ಯೂಟರಿಗೆ ಅದು ಗೊತ್ತಾಗುವುದಿಲ್ಲ. ಪ್ರತಿ ಕಂತಿಗೂ ಪಟ್ಟಿಯನ್ನು ಊರಲ್ಲಿ ಓದಿ ಹೇಳಿದ್ದರೆ ವಿಷಯ ಅಷ್ಟು ದೂರ ಹೋಗುತ್ತಿರಲಿಲ್ಲ.

ಊರಲ್ಲಿ ಪಟ್ಟಿ ಓದುವುದು ಹೊಸ ಉಪಾಯ ಏನೂ ಅಲ್ಲ. 1994ರ ಡಿಸೆಂಬರ್ 2ರಂದು ರಾಜಸ್ಥಾನದ ಕೋಟ್ ಕಿರಾನಾ ಎಂಬ ಊರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನರನ್ನು ಸೇರಿಸಿ ಸರಕಾರಿ ಕೆಲಸದ ಹಾಜರಿ ಪಟ್ಟಿ, ಬಿಲ್ಲುಗಳನ್ನು ಗಟ್ಟಿಯಾಗಿ ಓದಿದರು. ಓದಿದ ಪ್ರತಿ ಹೆಸರಿಗೂ ಎದುರು ಕೂತವರೇ ಸಾಕ್ಷಿ. ಕೆಲಸಕ್ಕೇ ಹೋಗದವರ ಹೆಸರಲ್ಲಿ ಸಂಬಳ ಬರೆದದ್ದು ಅಲ್ಲಿಯೇ ಹೊರಬಿತ್ತು. ಅಂಥ ಸಭೆಗಳಿಂದ ಎದ್ದ ಬೇಡಿಕೆಯೇ ಮುಂದೆ 2005ರ ಮಾಹಿತಿ ಹಕ್ಕು ಕಾಯ್ದೆ ಆಯಿತು. ಆ ಕಾಯ್ದೆ ಓದಿದ ಮೇಜು ಯಾವುದೇ ಆಗಿರಲಿ, ಅದರ ಬೇರು ಇರುವುದು ಕೂಲಿಯವರ ಅಂಗಳದಲ್ಲಿ.

ಕಾನೂನು ಎಂತ ಹೇಳುತ್ತದೆ?

ಮಾಹಿತಿ ಹಕ್ಕು ಎಂದರೆ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕುವುದು ಎಂದು ಮಾತ್ರ ನಾವು ತಿಳಿದಿದ್ದೇವೆ. ಅದಕ್ಕೂ ಮೊದಲಿನ ಮಾತೊಂದು ಆ ಕಾಯ್ದೆಯಲ್ಲಿ ಉಂಟು. 4ನೇ ಕಲಮಿನ ಪ್ರಕಾರ ಕೆಲವು ವಿಷಯಗಳನ್ನು ಯಾರೂ ಕೇಳದೆಯೇ ಇಲಾಖೆಗಳು ತಾವಾಗಿ ಪ್ರಕಟಿಸಬೇಕು. ಆ ವಿಷಯಗಳ ಸಾಲಿನಲ್ಲಿ ಸಬ್ಸಿಡಿ ಯೋಜನೆಗಳನ್ನು ಹೇಗೆ ನಡೆಸುತ್ತಾರೆ, ಎಷ್ಟು ದುಡ್ಡು ಇಟ್ಟಿದ್ದಾರೆ, ಫಲಾನುಭವಿಗಳು ಯಾರು ಎಂಬುದು ಸ್ಪಷ್ಟವಾಗಿ ಸೇರಿದೆ. ಪಿಎಂ ಕಿಸಾನ್ ಮಾರ್ಗಸೂಚಿಯಲ್ಲಿಯೂ ಫಲಾನುಭವಿಗಳ ಪಟ್ಟಿಯನ್ನು ಪಂಚಾಯತಿನಲ್ಲಿ ಪ್ರದರ್ಶಿಸಬೇಕೆಂದು ಇದೆ. ಆ ಯೋಜನೆಯ ವೆಬ್‌ಸೈಟಿನಲ್ಲಿ ರಾಜ್ಯ, ಜಿಲ್ಲೆ, ತಾಲೂಕು, ಗ್ರಾಮ ಒತ್ತಿದರೆ ಹೆಸರುಗಳು ಬರುತ್ತವೆ. ನಮ್ಮ ರಾಜ್ಯದ 'ಮಾಹಿತಿ ಕಣಜ' ಎಂಬ ಪೋರ್ಟಲಿನಲ್ಲೂ ಬೇರೆ ಬೇರೆ ಇಲಾಖೆಗಳ ಯೋಜನೆಗಳ ಮಾಹಿತಿ ಕನ್ನಡದಲ್ಲಿಯೇ ಸಿಗುತ್ತದೆ.

ಆದರೆ ವೆಬ್‌ಸೈಟಿನಲ್ಲಿ ಹಾಕಿದ ಕೂಡಲೇ ಕೆಲಸ ಮುಗಿಯಲಿಲ್ಲ. ಅರುವತ್ತು ದಾಟಿದ, ಕೀಪ್ಯಾಡ್ ಮೊಬೈಲ್ ಇರುವ ಹೆಂಗಸಿಗೆ ವೆಬ್‌ಸೈಟಿನ ಪಟ್ಟಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪಂಚಾಯತಿನ ಗೋಡೆಯಲ್ಲಿ, ಸೊಸೈಟಿಯ ಬೋರ್ಡಿನಲ್ಲಿ, ಕನ್ನಡದ ದೊಡ್ಡ ಅಕ್ಷರದಲ್ಲಿ ಹಾಕಿದರೆ ಮಾತ್ರ ಅದು ಊರಿನ ಪಟ್ಟಿ ಆಗುತ್ತದೆ.

ವಿಮೆಯ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹವಾಮಾನ ಆಧಾರಿತ ವಿಮೆಯಲ್ಲಿ ಯಾರೂ ಬಂದು ತೋಟ ನೋಡುವುದಿಲ್ಲ. ಪಂಚಾಯತ್ ಮಟ್ಟದ ಮಳೆಮಾಪನ ಕೇಂದ್ರದಲ್ಲಿ ದಾಖಲಾದ ಅಂಕಿಯೇ ಪರಿಹಾರ ಎಷ್ಟೆಂದು ತೀರ್ಮಾನಿಸುವುದು. ಕೊಳೆರೋಗದಿಂದ ತೋಟದ ಕಾಯಿ ಪೂರ್ತಿ ಉದುರಿದ್ದರೂ ಮಾಪಕದಲ್ಲಿ ಮಳೆ ಕಡಿಮೆ ದಾಖಲಾದರೆ ಪರಿಹಾರವೂ ಕಡಿಮೆ. ಹಾಗಿರುವಾಗ ಮಾಪಕ ಎಲ್ಲಿ ಉಂಟು, ಸರಿ ಉಂಟಾ, ದಿನಕ್ಕೆ ಎಷ್ಟು ಮಿಲಿಮೀಟರ್ ಬಿತ್ತು ಎಂಬುದನ್ನು ಜೂನ್‌ನಿಂದಲೇ ಬೋರ್ಡಿನಲ್ಲಿ ಬರೆದರೆ ಜನ ತಮ್ಮ ಕಣ್ಣಿಂದ ನೋಡಿದ ಮಳೆಗೂ ಅದಕ್ಕೂ ತಾಳೆ ಹಾಕಬಹುದು. ಪ್ರೀಮಿಯಂ ಕಟ್ಟುವ ದಿನ ಎಲ್ಲರೂ ಸಾಲಿನಲ್ಲಿ ನಿಲ್ಲುತ್ತೇವೆ. ಅಂಕಿ ಕೇಳುವ ದಿನ ಒಬ್ಬರೂ ಇರುವುದಿಲ್ಲ.

ಮಾನದ ಪ್ರಶ್ನೆ

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ. ಬೇರೆಯವರ ದುಡ್ಡಿನ ವಿಷಯ ನೋಡುವುದು ಸರಿಯಾ? ಅವರ ಹಿಂಜರಿಕೆಯಲ್ಲಿ ಒಂದು ಮರ್ಯಾದೆ ಉಂಟು. ಒಬ್ಬ ಬಡವನಿಗೆ ಸಿಕ್ಕಿದ ಸಹಾಯವನ್ನು ಊರಿಡೀ ಸಾರುವುದು ಒಳ್ಳೆಯದಲ್ಲ ಎಂದು ನಾವೆಲ್ಲ ಒಪ್ಪುತ್ತೇವೆ.

ಇದೇ ಪ್ರಶ್ನೆ ಯುರೋಪಿನಲ್ಲಿಯೂ ಎದ್ದಿತ್ತು. ಅಲ್ಲಿನ ರೈತರಿಗೆ ಐರೋಪ್ಯ ಒಕ್ಕೂಟ ಕೊಡುವ ಸಬ್ಸಿಡಿಯ ಪಟ್ಟಿಯನ್ನು ಹೆಸರು ಸಮೇತ ಪ್ರಕಟಿಸುತ್ತಿದ್ದರು. ಜರ್ಮನಿಯ ಇಬ್ಬರು ಇದನ್ನು ಪ್ರಶ್ನಿಸಿದರು. 2010ರ ನವೆಂಬರ್ 9ರಂದು ಒಕ್ಕೂಟದ ನ್ಯಾಯಾಲಯ, ಎಷ್ಟು ಪಡೆಯುತ್ತಾರೆ, ಎಷ್ಟು ಸಲ ಪಡೆಯುತ್ತಾರೆ ಎಂದು ನೋಡದೆ ವ್ಯಕ್ತಿಗಳೆಲ್ಲರ ಹೆಸರನ್ನು ಒಂದೇ ರೀತಿ ಹಾಕುವುದು ಅತಿಯಾಯಿತು ಎಂದು ತೀರ್ಪು ಕೊಟ್ಟಿತು. ಹಾಗೆಂದು ಅವರು ಪಟ್ಟಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಲಿಲ್ಲ. 2013ರಲ್ಲಿ ನಿಯಮ ಬದಲಿಸಿ, ತೀರಾ ಸಣ್ಣ ಮೊತ್ತ ಪಡೆಯುವವರ ಹೆಸರು ಬಿಟ್ಟು, ಉಳಿದವರದ್ದನ್ನು ಪುನಃ ಪ್ರಕಟಿಸಲು ಶುರು ಮಾಡಿದರು. ಸಣ್ಣವರ ಮಾನವೂ ಉಳಿಯಿತು, ದೊಡ್ಡವರ ಲೆಕ್ಕವೂ ತೆರೆಯಿತು.

ನಮ್ಮಲ್ಲಿ ಹೇಗೆ? ಕರ್ನಾಟಕದಲ್ಲಿ ಯಾರ ಪಹಣಿಯನ್ನು ಬೇಕಾದರೂ ಯಾರೂ ತೆಗೆದು ನೋಡಬಹುದು. 'ಭೂಮಿ' ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿ ತೆರೆದಿಟ್ಟದ್ದು ನಮ್ಮದೇ ರಾಜ್ಯ. ಒಬ್ಬರಿಗೆ ಎಷ್ಟು ಸೆಂಟ್ಸ್ ಜಾಗ ಉಂಟು, ಅದರ ಮೇಲೆ ಬ್ಯಾಂಕಿನ ಸಾಲ ಎಷ್ಟು ಉಂಟು ಎಂಬುದೂ ಅದರಲ್ಲಿ ಕಾಣುತ್ತದೆ. ಸ್ವಂತ ಆಸ್ತಿಯ ವಿಷಯವೇ ಅಷ್ಟು ತೆರೆದಿರುವಾಗ ಊರವರ ತೆರಿಗೆಯಿಂದ ಆ ಆಸ್ತಿಗೆ ಬಂದ ದುಡ್ಡು ಮಾತ್ರ ಗುಟ್ಟು ಎನ್ನುವುದು ಹೇಗೆ?

ಎರಡನ್ನೂ ಬೇರೆ ಬೇರೆ ಇಡಬೇಕು. ಹೆಸರು, ಊರು, ಯೋಜನೆ, ಮೊತ್ತ ಇಷ್ಟು ತೆರೆದಿರಲಿ. ಆಧಾರ್ ನಂಬರು, ಬ್ಯಾಂಕ್ ಖಾತೆ, ಮೊಬೈಲ್ ನಂಬರು ಯಾರಿಗೂ ಕಾಣಬಾರದು. ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಆ್ಯಪ್ ಫೈಲು ಒತ್ತಿ ಖಾತೆಯ ದುಡ್ಡು ಕಳೆದುಕೊಂಡವರು ಇದ್ದಾರೆ. ಸರಕಾರ ವಾಟ್ಸಾಪಿನಲ್ಲಿ ಫೈಲು ಕಳಿಸಿ ಹೆಸರು ಸೇರಿಸುವುದಿಲ್ಲ. ಮನೆಯ ಮಕ್ಕಳು ಇದನ್ನು ಹಿರಿಯರಿಗೆ ಹೇಳಿಕೊಡಬೇಕು.

ಈ ನಡುವೆ ಒಂದು ಎಚ್ಚರಿಕೆಯ ಮಾತು. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಮಿಗೆ ತಿದ್ದುಪಡಿ ತಂದಿದೆ. ವೈಯಕ್ತಿಕ ಮಾಹಿತಿಯನ್ನು ಕೊಡದಿರಲು ಅವಕಾಶ ಮೊದಲೂ ಇತ್ತು. ಆದರೆ ಸಾರ್ವಜನಿಕ ಕೆಲಸಕ್ಕೆ ಸಂಬಂಧ ಇದ್ದರೆ ಕೊಡಬೇಕು ಎಂಬ ಮಾತು ಅದರಲ್ಲಿಯೇ ಸೇರಿತ್ತು. ತಿದ್ದುಪಡಿಯಲ್ಲಿ ಆ ಮಾತು ಹೋಯಿತು. ಇದನ್ನೇ ಹಿಡಿದುಕೊಂಡು ನಾಳೆ ಫಲಾನುಭವಿಯ ಹೆಸರನ್ನೂ ವೈಯಕ್ತಿಕ ಎಂದು ಹೇಳಬಹುದೆಂಬ ಆತಂಕ ಮಾಹಿತಿ ಹಕ್ಕಿಗಾಗಿ ದುಡಿದವರಲ್ಲಿ ಉಂಟು. ಆದರೆ ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದೆನ್ನುವ 8(2)ನೇ ಉಪಕಲಂ ಉಳಿದಿದೆ. 4ನೇ ಕಲಮಿನಲ್ಲಿರುವ ಸಬ್ಸಿಡಿಯ ಮಾತೂ ಉಳಿದಿದೆ. ಅರ್ಜಿ ಬರೆಯುವವರು ಈ ಎರಡನ್ನೂ ಹೆಸರಿಸಿ ಬರೆಯುವುದು ಒಳ್ಳೆಯದು.

ಪಟ್ಟಿಯಲ್ಲಿ ಇಲ್ಲದವರು

ಪಟ್ಟಿ ಓದುವುದು ಕಳ್ಳರನ್ನು ಹಿಡಿಯಲಿಕ್ಕೆ ಮಾತ್ರ ಎಂದು ತಿಳಿಯಬಾರದು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕೆಲಸ ಬಿಟ್ಟುಹೋದವರನ್ನು ಕಾಣುವುದು. ನಮ್ಮ ಮನೆಗಳಲ್ಲಿ ಇಂಥವರು ತುಂಬ ಮಂದಿ ಇದ್ದಾರೆ.

ಮೊದಲನೆಯವರು, ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿಯೇ ಇರುವವರು. ಅಜ್ಜ ತೀರಿ ಇಪ್ಪತ್ತು ವರ್ಷ ಆಗಿರುತ್ತದೆ, ತೋಟಕ್ಕೆ ಮಣ್ಣು ಹೊರುವುದು ಮೊಮ್ಮಗ, ಕಾಗದದಲ್ಲಿ ಮಾತ್ರ ಅಜ್ಜ ಬದುಕಿದ್ದಾರೆ. ಸರಕಾರದ ಪಟ್ಟಿಗೆ ಗೊತ್ತಿರುವುದು ಕಾಗದ. ಪಿಎಂ ಕಿಸಾನ್‌ಗೆ 2019ರ ಫೆಬ್ರವರಿ 1ಕ್ಕೆ ಯಾರ ಹೆಸರಿನಲ್ಲಿ ಜಮೀನು ಇತ್ತೆಂಬುದು ಲೆಕ್ಕ. ಆದರೆ ಖಾತೆದಾರರು ತೀರಿಹೋಗಿ ವಾರಸುದಾರರಿಗೆ ಜಮೀನು ಬಂದದ್ದಾದರೆ ಆ ದಿನಾಂಕದ ನಂತರವೂ ಸೇರಲು ಅವಕಾಶ ಉಂಟು. ಅದಕ್ಕೆ ಪೌತಿ ಖಾತೆ ಆಗಬೇಕು. ಪೌತಿ ಖಾತೆ ಮಾಡುವಾಗ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ಗಂಡುಮಕ್ಕಳದ್ದು ಮಾತ್ರ ಹಾಕುವ ಮನೆಗಳುಂಟು. ಅಲ್ಲಿ ಬಿಟ್ಟುಹೋದ ಹೆಸರು ಮುಂದೆ ಪರಿಹಾರ, ವಿಮೆ, ಸಾಲ, ಸಬ್ಸಿಡಿ ಎಲ್ಲ ಪಟ್ಟಿಯಿಂದಲೂ ಬಿಟ್ಟುಹೋಗುತ್ತದೆ. ಅದನ್ನು ಬಿಟ್ಟದ್ದು ಸರಕಾರ ಅಲ್ಲ, ನಾವೇ.

ಎರಡನೆಯವರು ಚೇಣಿಯವರು. ಬೇರೆಯವರ ತೋಟದ ಫಸಲನ್ನು ವರ್ಷಕ್ಕಿಷ್ಟು ಎಂದು ಮಾತಾಡಿ ಹಿಡಿಯುವವರು ನಮ್ಮಲ್ಲಿ ಧಾರಾಳ ಇದ್ದಾರೆ. ಮಾತು ಬಾಯಿಯದ್ದು, ಕಾಗದ ಇರುವುದಿಲ್ಲ. ಮುಂಗಡ ಕೊಟ್ಟಾಗಿರುತ್ತದೆ, ಆಟಿಯ ಮಳೆಗೆ ಕೊಳೆರೋಗ ಬಂದು ಕಾಯಿ ಉದುರುತ್ತದೆ. ನಷ್ಟ ಚೇಣಿಯವರದ್ದು, ವಿಮೆಯ ದುಡ್ಡು ಬರುವುದು ಪಹಣಿಯಲ್ಲಿ ಹೆಸರಿರುವವರಿಗೆ. 1974ರ ಭೂ ಸುಧಾರಣೆಯ ನಂತರ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಕರ್ನಾಟಕದಲ್ಲಿ ಅವಕಾಶ ಇಲ್ಲದ್ದರಿಂದ, ಇನ್ನೊಬ್ಬರ ಜಾಗದಲ್ಲಿ ದುಡಿಯುವವರು ಸರಕಾರದ ಯಾವ ಪಟ್ಟಿಯಲ್ಲೂ ಕಾಣುವುದೇ ಇಲ್ಲ. ಇದಕ್ಕೆ ಕಾನೂನಿನ ಪರಿಹಾರ ಬರುವಾಗ ಬರಲಿ. ಅಷ್ಟರವರೆಗೆ ಚೇಣಿ ಮಾತಾಡುವ ದಿನವೇ "ವಿಮೆ ಬಂದರೆ ಹೇಗೆ ಹಂಚುವುದು?" ಎಂಬುದನ್ನೂ ಇಬ್ಬರು ಸಾಕ್ಷಿಗಳ ಎದುರು ಮಾತಾಡಿ ಬರೆದಿಟ್ಟುಕೊಳ್ಳಿ. ಪಟ್ಟಿ ತೆರೆದಿದ್ದರೆ ಧಣಿಗೆ ಎಷ್ಟು ಬಂತೆಂದು ಚೇಣಿಯವರಿಗೂ ತಿಳಿಯುತ್ತದೆ, ಸಂಶಯಕ್ಕೆ ಜಾಗ ಇರುವುದಿಲ್ಲ.

ಮೂರನೆಯವರು ಬಿಟ್ಟುಹೋದವರಲ್ಲ, ಇರಬಾರದೆ ಇರುವವರು. ಇದನ್ನೂ ಹೇಳಲೇಬೇಕು. ಆದಾಯ ತೆರಿಗೆ ಕಟ್ಟುವವರು, ಸರಕಾರಿ ನೌಕರರಲ್ಲಿ ಹೆಚ್ಚಿನವರು, ತಿಂಗಳಿಗೆ 10,000 ಅಥವಾ ಹೆಚ್ಚು ಪಿಂಚಣಿ ಪಡೆಯುವವರು, ಡಾಕ್ಟರು, ಇಂಜಿನಿಯರು, ವಕೀಲರಂಥ ವೃತ್ತಿಯಲ್ಲಿರುವವರು ಪಿಎಂ ಕಿಸಾನ್‌ಗೆ ಅರ್ಹರಲ್ಲ. ಆದಾಯ ತೆರಿಗೆ ಕಾಯ್ದೆಯ ಲೆಕ್ಕದಲ್ಲಿ ಅನಿವಾಸಿ ಭಾರತೀಯರಾದವರೂ ಅರ್ಹರಲ್ಲ. ದುಬೈ, ದಮಾಮಿನಲ್ಲಿ ದುಡಿಯುವ ಮಗನ ಹೆಸರಿನಲ್ಲಿ ತೋಟ ಇದ್ದು, ಆ ಹೆಸರಿಗೆ ಕಂತು ಬರುತ್ತಿದ್ದರೆ ನಾಳೆ ನೋಟಿಸು ಬರಬಹುದು. ದೇಶದಲ್ಲಿ ಅನರ್ಹರಿಂದ ಈಗಾಗಲೇ 400 ಕೋಟಿ ರೂಪಾಯಿಗೂ ಮಿಕ್ಕಿ ವಸೂಲಿ ಆಗಿದೆ. ನೋಟಿಸಿಗೆ ಕಾಯಬೇಕೆಂದಿಲ್ಲ. ಸ್ವಇಚ್ಛೆಯಿಂದ ಬಿಟ್ಟುಕೊಡಲಿಕ್ಕೆ, ದುಡ್ಡು ಮರಳಿಸಲಿಕ್ಕೆ ಅದೇ ವೆಬ್‌ಸೈಟಿನಲ್ಲಿ ದಾರಿ ಉಂಟು. ಊರವರ ಪಟ್ಟಿ ಓದುವ ಮೊದಲು ನಮ್ಮ ಮನೆಯ ಹೆಸರು ಓದಿಕೊಳ್ಳುವುದು ನ್ಯಾಯ.

ಮಾಡಬಹುದಾದದ್ದು

ದೊಡ್ಡ ಹೋರಾಟ ಏನೂ ಬೇಡ. ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ರೀತಿ ಉಂಟಾ ಎಂದು ನೋಡಿ. ಅಬ್ದುಲ್ಲ, ಅಬ್ದುಲ್ಲಾ, ಬಿ. ಅಬ್ದುಲ್ಲ ಎಂದು ಮೂರು ಕಡೆ ಮೂರು ಇದ್ದರೆ ಮೊದಲು ಅದನ್ನು ಸರಿಮಾಡಿಸಿ. 'ಫ್ರೂಟ್ಸ್' ತಂತ್ರಾಂಶದ ರೈತ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ, ಆಗಿದೆಯಾ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಎಲ್ಲ ಸರ್ವೆ ನಂಬರುಗಳೂ ಅದಕ್ಕೆ ಸೇರಿರಬೇಕು. ನಿಮ್ಮ ಜಾಗದಲ್ಲಿ ಯಾವ ಬೆಳೆ ಎಂದು ದಾಖಲಾಗಿದೆ ಎಂಬುದನ್ನು 'ಬೆಳೆ ದರ್ಶಕ' ಆ್ಯಪಿನಲ್ಲಿ ನೋಡಿ, ಅಡಿಕೆ ಇರುವಲ್ಲಿ ಪಾಳು ಎಂದು ಬಂದಿದ್ದರೆ ಆಕ್ಷೇಪಣೆ ಹಾಕಿ.

ಗ್ರಾಮಸಭೆಗೆ ಹೋಗಿ. ಆಗಸ್ಟ್–ಸೆಪ್ಟೆಂಬರಿನಲ್ಲಿ ಪಂಚಾಯತಿನ ಜಮಾಬಂದಿ ನಡೆಯುತ್ತದೆ, ಅದಕ್ಕೂ ಹೋಗಿ. ಹೆಂಗಸರೂ ಹೋಗಲಿ, ಜಮೀನಿನಲ್ಲಿ ಅವರ ಪಾಲೂ ಉಂಟಲ್ಲ. ಕೃಷಿ, ತೋಟಗಾರಿಕೆ ಇಲಾಖೆಯವರು ಗ್ರಾಮಸಭೆಗೆ ಬಂದಾಗ "ಈ ವರ್ಷದ ಸಹಾಯಧನದ ಪಟ್ಟಿ ಓದಿ ಹೇಳಿ" ಎಂದು ಮರ್ಯಾದೆಯಲ್ಲಿಯೇ ಕೇಳಿ. ಕೇಳುವ ದನಿ ಒಂದೇ ಆದರೆ ಅದು ದೂರು ಎನಿಸುತ್ತದೆ. ಹತ್ತು ಮಂದಿ ಕೇಳಿದರೆ ಕ್ರಮ ಎನಿಸುತ್ತದೆ.

ಓದಿ ಹೇಳದಿದ್ದರೆ ಅರ್ಜಿ ಬರೆಯಿರಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. "ಇಂಥ ಗ್ರಾಮದಲ್ಲಿ ಇಂಥ ವರ್ಷ ಇಂಥ ಯೋಜನೆಯಲ್ಲಿ ಸಹಾಯಧನ ಪಡೆದವರ ಹೆಸರು ಮತ್ತು ಮೊತ್ತದ ಪಟ್ಟಿ" ಎಂದು ಬರೆದರೆ ಸಾಕು. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೇಲಿನ ಅಧಿಕಾರಿಗೆ ಮೇಲ್ಮನವಿ.

ಪಿಯುಸಿ, ಡಿಗ್ರಿ ಓದುವ ಮಕ್ಕಳು ಈಗ ಎಲ್ಲ ಮನೆಯಲ್ಲೂ ಇದ್ದಾರೆ. ವಾರದಲ್ಲಿ ಒಂದು ಸಂಜೆ ಊರಿನ ಹಿರಿಯರನ್ನು ಕೂರಿಸಿ, ಮೊಬೈಲಿನಲ್ಲಿ ಗ್ರಾಮದ ಪಟ್ಟಿ ತೆಗೆದು ಓದಿ ಹೇಳಲಿ. ಅದರಲ್ಲಿ ಹೆಸರು ಇರಬೇಕಾದ ವಿಧವೆಯೊಬ್ಬರದ್ದು ಬಿಟ್ಟುಹೋದದ್ದು ಕಂಡರೆ, ಕಾಗದ ಸರಿಮಾಡಿಸಲು ತಾಲೂಕು ಕಚೇರಿಗೆ ಅವರ ಜೊತೆಗೆ ಒಬ್ಬರು ಹೋಗಿ ಬರಲಿ. ಒಂದು ದಿನದ ಬಸ್ ಖರ್ಚು, ಒಂದು ದಿನದ ಪುರುಸೊತ್ತು ಅಷ್ಟೇ. ಆ ಮನೆಗೆ ವರ್ಷಕ್ಕೆ 6,000 ರೂಪಾಯಿ ಎಂದರೆ ಮಕ್ಕಳ ಪುಸ್ತಕ, ಮಳೆಗಾಲದ ಅಕ್ಕಿ, ಔಷಧಿ ಎಲ್ಲ ಉಂಟು. ಇಣುಕುವುದು ಬೇರೆ, ಲೆಕ್ಕ ನೋಡುವುದು ಬೇರೆ. ಊರಿನ ದುಡ್ಡಿನ ಲೆಕ್ಕವನ್ನು ಊರವರು ನೋಡಲೇಬೇಕು.